ಗಡಿಯಾರ ನೋಡದ ಮೇಷ್ಟ್ರು

ಓದಲು ಹೊರದೇಶಕ್ಕೆ ಹೋದವರು ಬಿಡುವಿನಲ್ಲಿ ಅಲ್ಲಿನ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುವುದನ್ನು ನಾನು ಪ್ರೋತ್ಸಾಹಿಸುವವಳೇ. ಆದರೆ ಆ ಒಳ್ಳೆಯ ಕೆಲಸದ ಹಿಂದೆ ತಮ್ಮ ಕಷ್ಟವನ್ನು ಬಚ್ಚಿಟ್ಟವರು ಮತ್ತೆ ಮತ್ತೆ ಎದುರಾಗುತ್ತಿದ್ದಾರೆ. ಅಂಥ ಒಂದು ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಯುವಕ ಬಯಲುಸೀಮೆಯವನು. ತಂದೆ ಮನೆ ಅಡವಿಟ್ಟು ಕಳಿಸಿದ್ದರು. ಉತ್ತರ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ವಾರಕ್ಕೊಂದು ಸಂಜೆ ಗ್ರಂಥಾಲಯದಲ್ಲಿ ಜಿಸಿಎಸ್ಇ ಗಣಿತ ಹೇಳಿಕೊಡುತ್ತಿದ್ದ. ಅದು ಅಲ್ಲಿನ ಎಸ್ಸೆಸ್ಸೆಲ್ಸಿ ಎನ್ನಬಹುದು. 9ರಿಂದ 1ರವರೆಗಿನ ಶ್ರೇಣಿಯಲ್ಲಿ (9 ಎಲ್ಲಕ್ಕಿಂತ ಮೇಲಿನದು) ಗಣಿತಕ್ಕೆ ಕನಿಷ್ಠ 4 ಬಾರದ ಮಕ್ಕಳು ಮುಂದಿನ ಓದಿನ ಜೊತೆ ಗಣಿತವನ್ನೂ ಹೊತ್ತು ಸಾಗಬೇಕಾಗುತ್ತದೆ. ನಿದ್ರೆ ಬರುತ್ತಿಲ್ಲ ಎಂದು ಅವನು ವಿಡಿಯೊ ಕರೆಯಲ್ಲಿ ನನ್ನನ್ನು ಸಂಪರ್ಕಿಸಿದ. ಅವನ ಅಸೈನ್‌ಮೆಂಟ್‌ಗಳು ಬಾಕಿ ಬಿದ್ದಿದ್ದವು. ಮಾರ್ಗದರ್ಶಕರ ಇ-ಮೇಲ್ ತೆರೆಯಲೂ ಹೆದರುತ್ತಿದ್ದ.

ಆ ದಿನದ ಮಾತುಕತೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ತಾನು ಕಲಿಸುತ್ತಿದ್ದ ಹುಡುಗನಿಗೆ ಸಂಸ್ಥೆಯ ನಿಯಮ ಮೀರಿ ತನ್ನ ಮೊಬೈಲ್ ಸಂಖ್ಯೆ ಕೊಟ್ಟಿದ್ದ. ಹುಡುಗ ನಡುರಾತ್ರಿ ಲೆಕ್ಕದ ಚಿತ್ರ ಕಳಿಸುತ್ತಿದ್ದ, ಇವನು ಬಿಡಿಸಿ ವಾಪಸು ಕಳಿಸುತ್ತಿದ್ದ. ಹುಡುಗನ ಮನೆಗೂ ಹೋಗತೊಡಗಿದ್ದ. ತಾಯಿ ಈಚೆಗೆ ದುಡ್ಡು ಕೊಡಲು ಬಂದಿದ್ದರಂತೆ.

“ಈ ಹುಡುಗನಿಗೆ ಇಷ್ಟೆಲ್ಲ ಏಕೆ?” ಎಂದು ಕೇಳಿದೆ.

“ನನ್ನನ್ನು ಎಸ್ಸೆಸ್ಸೆಲ್ಸಿ ದಾಟಿಸಿದ ಮೇಷ್ಟ್ರು ಗಡಿಯಾರ ನೋಡಿದವರಲ್ಲ ಮೇಡಂ. ರಾತ್ರಿ ಎಷ್ಟೊತ್ತಿಗೆ ಕದ ತಟ್ಟಿದರೂ ಎದ್ದು ಬರುತ್ತಿದ್ದರು. ಒಂದು ರೂಪಾಯಿ ಮುಟ್ಟಲಿಲ್ಲ.”

ಇಂಥ ಮಾತಿಗೆ ನಮ್ಮಲ್ಲಿ ಎಲ್ಲರೂ ತಲೆದೂಗುತ್ತಾರೆ. ನಾನು ತಲೆದೂಗಲಿಲ್ಲ. ಆ ಮೇಷ್ಟ್ರು ಎಲ್ಲಿದ್ದರು ಎಂದು ಕೇಳಿದೆ. ಎರಡು ಮನೆ ಆಚೆ. ಸಂಬಳ? ಸರ್ಕಾರಿ ಶಾಲೆಯದು. ಮರುವರ್ಷ? ಅಲ್ಲೇ ಇದ್ದರು, ಈಗಲೂ ಇದ್ದಾರೆ. “ನೀವು ಸೆಪ್ಟೆಂಬರ್‌ನಲ್ಲಿ ಎಲ್ಲಿರುತ್ತೀರಿ?” ಎಂದೆ. ಅವನಿಗೆ ಸಿಟ್ಟು ಬಂತು. “ಹಾಗಾದರೆ ಸಹಾಯ ಮಾಡುವುದೇ ತಪ್ಪೇ?” ಎಂದ. “ಅಲ್ಲ. ಜಿಸಿಎಸ್ಇ ಗಣಿತದ ಮೂರು ಪತ್ರಿಕೆಗಳಲ್ಲಿ ಒಂದಕ್ಕೆ ಕ್ಯಾಲ್ಕುಲೇಟರ್ ಕೂಡ ಇಲ್ಲ ಎಂದು ನೀವೇ ಹೇಳಿದಿರಿ. ಆ ಕೊಠಡಿಯಲ್ಲಿ ಅವನು ನಿಮಗೆ ಚಿತ್ರ ಕಳಿಸುವುದು ಹೇಗೆ?”

ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ದನಿಯಲ್ಲಿ ಹೇಳಿದ: “ತರಗತಿಯಲ್ಲಿ ನಾನು ಬಾಯಿ ಬಿಡುವುದಿಲ್ಲ ಮೇಡಂ. ಆ ಹುಡುಗನ ಮನೆಯಲ್ಲಿ ಮಾತ್ರ ನನಗೆ ಏನೋ ಬರುತ್ತದೆ ಅನ್ನಿಸುತ್ತದೆ.”

ನನ್ನ ಸಲಹೆ ಹುಟ್ಟಿದ್ದು ಈ ಮಾತಿನಿಂದ. ಪಾಠ ಬಿಡಬೇಡಿ, ಆದರೆ ಗ್ರಂಥಾಲಯದ ಆ ಒಂದು ಸಂಜೆಗೆ ಮರಳಿ ಎಂದೆ. ಮೊಬೈಲ್ ಸಂಖ್ಯೆ ಕೊಟ್ಟದ್ದನ್ನೂ ಮನೆಗೆ ಹೋದದ್ದನ್ನೂ ಸಂಯೋಜಕರಿಗೆ ನೀವೇ ತಿಳಿಸಿ; ಮಕ್ಕಳ ಸುರಕ್ಷತೆಯ ನಿಯಮ ಮಗುವನ್ನೂ ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ. ದುಡ್ಡನ್ನಂತೂ ಮುಟ್ಟಕೂಡದು: ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ, ಖಾಸಗಿಯಾಗಿ ಹಣ ಪಡೆದು ಪಾಠ ಹೇಳಿದರೆ ಅದೂ ಸ್ವಂತ ಉದ್ಯೋಗವಾದೀತು. ಕಡೆಯದಾಗಿ, ಅಸೈನ್‌ಮೆಂಟ್‌ನ ಗಡುವು ಮುಗಿಯುವ ಮೊದಲೇ ಮಾರ್ಗದರ್ಶಕರಿಗೆ ಬರೆದು ಕಾಲಾವಕಾಶ ಕೇಳಲು ಹೇಳಿದೆ. ಇದೇ ಅವನಿಗೆ ಎಲ್ಲಕ್ಕಿಂತ ಕಠಿಣವಾಗಿ ಕಂಡಿತು. ಪತ್ರದ ಮೊದಲ ಸಾಲನ್ನು ಅದೇ ಕರೆಯಲ್ಲಿ, ನನ್ನೆದುರೇ ಬರೆಸಿದೆ.

ಯುವಕನ ಸೇವಾಭಾವಕ್ಕೆ ತಣ್ಣೀರೆರಚಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ವರ್ಷದೊಳಗೆ ಊರಿಗೆ ಮರಳುವವನು ಒಂದು ಮಗುವಿಗೆ ತಾನೇ ಸರ್ವಸ್ವವಾಗುವುದು ಆ ಮಗುವಿಗೆ ಮಾಡುವ ಉಪಕಾರವಲ್ಲ. ಇಂಥ ಕೆಲಸಕ್ಕೆ ಸೇರುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ, “ನನ್ನ ನಂತರ ಈ ಮಗುವಿನ ಹೊಣೆ ಯಾರದು?” ಎಂಬುದು. ಉತ್ತರವಿರುವ ಸಂಸ್ಥೆಯನ್ನೇ ಆರಿಸಿಕೊಳ್ಳಿ. ಕೆಲಸದ ಸಮಯವೂ ಕರ್ತವ್ಯವೂ ಒಪ್ಪಂದದಲ್ಲಿ ನಿಗದಿಯಾಗಿದ್ದರೆ, ಸಂಬಳ ಇಲ್ಲದಿದ್ದರೂ ಅದು ವೀಸಾ ಅನುಮತಿಸುವ ವಾರದ 20 ಗಂಟೆಗಳ ಲೆಕ್ಕಕ್ಕೆ ಸೇರಬಹುದು. ಒಪ್ಪುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ವಿಚಾರಿಸಿ.

ಸಂಯೋಜಕರು ಗದರಿದರಂತೆ. ಆಮೇಲೆ ಆ ಹುಡುಗನಿಗೆ ಇನ್ನೊಬ್ಬ ಸ್ವಯಂಸೇವಕರನ್ನೂ ಜೋಡಿಸಿದರು. ಇವನಿಗೆ ಒಂದು ಅಸೈನ್‌ಮೆಂಟ್‌ಗೆ ಕಾಲಾವಕಾಶ ಸಿಕ್ಕಿತು, ಇನ್ನೊಂದಕ್ಕೆ ತಡವಾಗಿಹೋಗಿ ಅಂಕ ಕಡಿತವಾಯಿತು.

ಇಷ್ಟಾದ ಮೇಲೆ ತಂದೆ ಕರೆ ಮಾಡಿದರು. “ಬಿಟ್ಟಿ ಪಾಠ ಪೂರ್ತಿ ಬಿಡಿಸಿ ಮೇಡಂ, ಬಡ್ಡಿ ಕಟ್ಟುವವನು ನಾನು” ಎಂದರು. ವಾರಕ್ಕೊಂದು ಸಂಜೆ ಅವನಿಗೆ ಇರಲಿ, ತರಗತಿಯಲ್ಲಿ ಬಾಯಿ ಬಿಡುವ ಧೈರ್ಯ ಅವನಿಗೆ ಅಲ್ಲಿಂದಲೇ ಬರಬೇಕಾಗಿದೆ ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಮುಂದಿನ ವಾರ ಮಗನನ್ನೂ ಸೇರಿಸಿ ಮೂವರೂ ಮಾತನಾಡುವುದೆಂದು ನಿಶ್ಚಯಿಸಿದೆವು.