ಓದುಗರ ಪ್ರಶ್ನೆ: ಆನ್‌ಲೈನ್ ಅಂಗಡಿಗೆ ಬ್ಯಾಕಪ್

ಪ್ರಶ್ನೆ: ವೂಕಾಮರ್ಸ್ (ವರ್ಡ್‌ಪ್ರೆಸ್ ಜಾಲತಾಣವನ್ನು ಅಂಗಡಿಯಾಗಿಸುವ ಸಾಫ್ಟ್‌ವೇರ್) ಬಳಸಿ ಆನ್‌ಲೈನಿನಲ್ಲಿ ಕೊಬ್ಬರಿ ಮಾರುತ್ತಿದ್ದೇವೆ. ವಾರಕ್ಕೊಮ್ಮೆ ಜಾಲತಾಣದ ಫೋಲ್ಡರನ್ನು ಪೂರ್ತಿ ನಕಲು ಮಾಡಿಟ್ಟುಕೊಂಡರೆ ಸಾಕೇ?
– ಓದುಗರೊಬ್ಬರು, ತಿಪಟೂರು, ತುಮಕೂರು ಜಿಲ್ಲೆ

ಉತ್ತರ: ಸಾಲದು. ಫೋಲ್ಡರಿನಲ್ಲಿ ಸಾಫ್ಟ್‌ವೇರ್, ಥೀಮ್ ಮತ್ತು ಚಿತ್ರಗಳಿರುತ್ತವೆ. ಸರಕಿನ ಬೆಲೆ, ಗ್ರಾಹಕರ ವಿಳಾಸ, ಆರ್ಡರುಗಳೆಲ್ಲ ಇರುವುದು ಡೇಟಾಬೇಸಿನಲ್ಲಿ. ಅದನ್ನು, ಡೇಟಾಬೇಸನ್ನು ನಿರ್ವಹಿಸುವ ಸಾಧನವಾದ ಪಿಎಚ್‌ಪಿಮೈಅಡ್ಮಿನ್‌ನ ‘ಎಕ್ಸ್‌ಪೋರ್ಟ್’ ಮೂಲಕ ಪ್ರತ್ಯೇಕವಾಗಿ, ದಿನವೂ ಆರ್ಡರ್ ಬರುವ ಅಂಗಡಿಯಾದರೆ ದಿನವೂ, ಇಳಿಸಿಕೊಂಡು ಸರ್ವರಿನ ಹೊರಗೆ ಇಡಬೇಕು. ಮರುಸ್ಥಾಪಿಸುವಾಗ ವಿಶೇಷ ಎಚ್ಚರ ಬೇಕು: ಸೋಮವಾರದ ಪ್ರತಿಯನ್ನು ಗುರುವಾರ ಹಾಕಿದರೆ ನಡುವಿನ ಆರ್ಡರುಗಳೆಲ್ಲ ಅಳಿಸಿಹೋಗುತ್ತವೆ, ಹಣ ಕಟ್ಟಿದ ಗ್ರಾಹಕರು ಕಾಯುತ್ತಲೇ ಇರುತ್ತಾರೆ. ಆದ್ದರಿಂದ ಮೊದಲು ಈಗಿನ ಡೇಟಾಬೇಸನ್ನೂ ಇಳಿಸಿಟ್ಟುಕೊಂಡು, ಆ ಆರ್ಡರುಗಳನ್ನು ಪೇಮೆಂಟ್ ಗೇಟ್‌ವೇಯ (ಗ್ರಾಹಕರ ಹಣ ಪಾವತಿ ನಡೆಸುವ ಸೇವೆಯ) ಲೆಕ್ಕದೊಂದಿಗೆ ತಾಳೆ ನೋಡಿ ಮತ್ತೆ ಸೇರಿಸಿ. ಡೇಟಾಬೇಸಿನ ಹೆಸರು ಅಥವಾ ಪಾಸ್‌ವರ್ಡ್ ಬದಲಾಗಿದ್ದರೆ ಆ ವಿವರಗಳನ್ನು ಬರೆದಿಟ್ಟಿರುವ ಡಬ್ಲ್ಯೂಪಿ-ಕಾನ್ಫಿಗ್ (wp-config.php) ಕಡತದಲ್ಲಿಯೂ ತಿದ್ದಬೇಕಾಗುತ್ತದೆ.