ಹೈಸ್ಕೂಲ್ ಮಕ್ಕಳಿಗೆ ಹೈಪಾಥಿಸಿಸ್ ಟೆಸ್ಟಿಂಗ್ ಕಲಿಸಬಹುದಾ? ಸೂತ್ರ ಬಿಡಿ, ಶೇಂಗಾ ಬೀಜ ತನ್ನಿ

ನೀವು ಕೇಳಿರುವುದು ಇಷ್ಟು: ದಾವಣಗೆರೆ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಹೇಳುತ್ತೀರಿ. ವಿಜ್ಞಾನ ಮೇಳಕ್ಕೆ ಮಕ್ಕಳು ಎರಡು ಕುಂಡ ಇಟ್ಟು, ಒಂದಕ್ಕೆ ಎರೆಗೊಬ್ಬರ ಹಾಕಿ, 'ಇದೇ ಜಾಸ್ತಿ ಬೆಳೆದಿದೆ' ಅನ್ನುತ್ತಾರೆ. ಆ ವ್ಯತ್ಯಾಸ ನಿಜವೋ, ಸುಮ್ನೆ ಆಗಿದ್ದೋ ಅಂತ ಪರೀಕ್ಷಿಸುವುದನ್ನು, ಅಂದರೆ ಹೈಪಾಥಿಸಿಸ್ ಟೆಸ್ಟಿಂಗನ್ನು, ಒಂಬತ್ತು, ಹತ್ತನೇ ತರಗತಿಗೆ ಕಲಿಸಲು ಆಗುತ್ತದಾ?

ಆಗುತ್ತದೆ. ಆದರೆ ಸೂತ್ರದಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಪೆಚ್ಚಾದವನು.

ನಾನು ಚಳ್ಳಕೆರೆ ಕಡೆ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮೊದಲ ಸಲ ಬೋರ್ಡಿನ ತುಂಬ ಕೈ-ಸ್ಕ್ವೇರ್ ಸೂತ್ರ ಬರೆದೆ; ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅಂತ ಅಳೆಯುವ ಲೆಕ್ಕ ಅದು. ಉತ್ತರ 3.84ಕ್ಕಿಂತ ಜಾಸ್ತಿ ಬಂದರೆ ವ್ಯತ್ಯಾಸ ಇದೆ ಅಂದುಕೊಳ್ಳಿ ಎಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಸಾರ್, ಈ 3.84 ಎಲ್ಲಿಂದ ಬಂತು?" ಅಂದಳು. "ಟೇಬಲ್‌ನಲ್ಲಿದೆ" ಅಂದೆ. ಅವಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು. ಅಲ್ಲಿಗೆ ನನ್ನ ಪಾಠ ಮುಗಿಯಿತು.

ಮರುವರ್ಷ ಒಬ್ಬ ಹುಡುಗನ ಅಜ್ಜಿಯ ಮಾತು ಹಿಡಿದುಕೊಂಡೆವು. ಬಿತ್ತನೆ ಶೇಂಗಾವನ್ನು ಕಾಯಿಯಲ್ಲೇ ಇಟ್ಟು, ಬಿತ್ತುವ ಹೊತ್ತಿಗೆ ಸುಲಿಯಬೇಕು; ಮೊದಲೇ ಸುಲಿದಿಟ್ಟ ಬೀಜ ಸರಿಯಾಗಿ ಮೊಳೆಯಲ್ಲ ಅಂತ. ನಮ್ಮ ಕಡೆ ಇದು ಎಲ್ಲರ ಮನೆಯ ಮಾತು. ಸರಿ, ನೋಡೇಬಿಡೋಣ ಅಂತ ಆಗ ತಾನೇ ಸುಲಿದ 20 ಬೀಜ, ತಿಂಗಳುಗಟ್ಟಲೆ ಮೊದಲೇ ಸುಲಿದಿಟ್ಟ 20 ಬೀಜ ತೆಗೆದುಕೊಂಡೆವು. ಹುಡುಗರು ಹೊಸದಾಗಿ ಸುಲಿದದ್ದರಲ್ಲಿ ದಪ್ಪ ದಪ್ಪ ಬೀಜ ಆರಿಸುತ್ತಿದ್ದರು. ಬೇಕಂತ ಅಲ್ಲ, ಕೈ ತಾನಾಗಿ ಅತ್ತ ಹೋಗುತ್ತಿತ್ತು. ಅಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ತೆಗೆಯಿರಿ ಅಂದೆ. ಎರಡನ್ನೂ ಒಂದೇ ಒದ್ದೆ ಗೋಣಿಚೀಲದಲ್ಲಿ, ಒಂದೇ ಮೂಲೆಯಲ್ಲಿ ಇಟ್ಟೆವು. ಹತ್ತನೇ ದಿನ ಬಿಚ್ಚಿ ಎಣಿಸಿದರೆ ಹೊಸದರಲ್ಲಿ 17, ಹಳೆಯದರಲ್ಲಿ 12 ಮೊಳಕೆ.

ಅಜ್ಜಿ ಗೆದ್ದರು ಅಂತ ತರಗತಿಯೆಲ್ಲ ಕೂಗಾಟ. ನಾನು 40 ಚೀಟಿ ಹರಿದೆ. ಒಟ್ಟು ಮೊಳೆತದ್ದು 29 ತಾನೇ? 29 ಚೀಟಿಯ ಮೇಲೆ 'ಮೊ' ಅಂತ ಬರೆಸಿದೆ, 11 ಖಾಲಿ ಬಿಟ್ಟೆ, ಎಲ್ಲವನ್ನೂ ಮಂಡಕ್ಕಿ ಡಬ್ಬಕ್ಕೆ ಹಾಕಿದೆ. "ಯಾವಾಗ ಸುಲಿದರೂ ಒಂದೇ ಅಂದುಕೊಳ್ಳೋಣ. ಮೊಳೆಯುವ 29 ಬೀಜ ಹೇಗಿದ್ದರೂ ಮೊಳೆಯುತ್ತಿದ್ದವು. ಹೊಸದರ ಪಾಲಿಗೆ 17 ಬಂದದ್ದು ಬರೀ ಅದೃಷ್ಟ. ಈಗ ಡಬ್ಬ ಕುಲುಕಿ 20 ಚೀಟಿ ತೆಗೆಯಿರಿ, ಎಷ್ಟು 'ಮೊ' ಇದೆ ಹೇಳಿ."

ವ್ಯತ್ಯಾಸವೇ ಇಲ್ಲ ಅಂದುಕೊಂಡು ಶುರು ಮಾಡುವುದು; ನಲ್ ಹೈಪಾಥಿಸಿಸ್ ಅನ್ನುವುದು ಇಷ್ಟೇ. ಹೆಸರನ್ನು ಆಮೇಲೆ ಹೇಳಿ. ಹತ್ತು ಗುಂಪು, ತಲಾ ಹತ್ತು ಸಲ, ಒಟ್ಟು ನೂರು. ಬೋರ್ಡಿನ ಮೇಲೆ ಗೀಟು ಹಾಕುತ್ತಾ ಹೋದೆವು. 14, 15 ಪದೇ ಪದೇ ಬಂತು. 17 ಅಥವಾ ಅದಕ್ಕಿಂತ ಜಾಸ್ತಿ ಬಂದದ್ದು ಒಂಬತ್ತು ಸಲ. ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು ಎಂಟು ಸಲ ಬರಬೇಕು. ಅದೇ ಪಿ ವ್ಯಾಲ್ಯೂ. ಅಜ್ಜಿ ಯಾವುದು ಮೇಲು ಅಂತ ಮೊದಲೇ ಹೇಳಿದ್ದರಿಂದ ಒಂದು ಕಡೆ ಮಾತ್ರ ಎಣಿಸಿದೆವು. ಹಾಗೆ ಮೊದಲೇ ಹೇಳಿರದಿದ್ದರೆ ಎರಡೂ ಕಡೆ ಎಣಿಸಬೇಕು.

ಅದು ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ ವ್ಯತ್ಯಾಸ ನಿಜ ಅಂತ ಒಪ್ಪುವುದು ರೂಢಿ. ಹುಡುಗನ ಮುಖ ಸಣ್ಣದಾಯಿತು. "ಹಂಗಾದ್ರೆ ನಮ್ಮಜ್ಜಿ ಹೇಳಿದ್ದು ಸುಳ್ಳಾ ಸಾರ್?"

ಈ ಪ್ರಶ್ನೆ ಬಂದೇ ಬರುತ್ತದೆ, ಇಲ್ಲಿ ಅವಸರ ಮಾಡಬೇಡಿ. ಸುಳ್ಳು ಅಂತಲೂ ಗೊತ್ತಾಗಿಲ್ಲ, ನಿಜ ಅಂತಲೂ ಗೊತ್ತಾಗಿಲ್ಲ; ಇಪ್ಪತ್ತು ಬೀಜಕ್ಕೆ ಅಷ್ಟು ಹೇಳುವ ತಾಕತ್ತಿಲ್ಲ. ಇನ್ನೊಬ್ಬಳು, "ಅಜ್ಜಿ ಮಾತು ತಪ್ಪಾಗಿರೋ ಸಾಧ್ಯತೆ ನೂರಕ್ಕೆ ಎಂಟು" ಅಂದಳು. ಓದಿದವರೂ ಹೀಗೇ ಎಡವುತ್ತಾರೆ. ಎಂಟು ಅನ್ನುವುದು ಅಜ್ಜಿಯ ಬಗ್ಗೆ ಅಲ್ಲ, ಡಬ್ಬದ ಬಗ್ಗೆ. ವ್ಯತ್ಯಾಸವೇ ಇಲ್ಲದಿದ್ದರೂ ಡಬ್ಬದಿಂದ ಇಂಥ ಫಲಿತಾಂಶ ಎಷ್ಟು ಸಲ ಬರುತ್ತದೆ ಅನ್ನುವ ಲೆಕ್ಕ ಅದು.

ಮತ್ತೆ ಮಾಡಿದೆವು, ಈ ಸಲ 50-50 ಬೀಜ. ಹಳೆಯ 40ಕ್ಕೆ ಸೇರಿಸಲಿಲ್ಲ. ಗೆಲ್ಲುವ ತನಕ ಬೀಜ ಸೇರಿಸುತ್ತಾ ಹೋದರೆ ಯಾರು ಬೇಕಾದರೂ ಗೆಲ್ಲಬಹುದು, ಅಲ್ವಾ? ಹೊಸದು 43, ಹಳೆಯದು 31. ಈಗ ಕೈ-ಸ್ಕ್ವೇರ್ ತಂದೆ. ಒಟ್ಟು 74 ಮೊಳಕೆ. ವ್ಯತ್ಯಾಸ ಇಲ್ಲದಿದ್ದರೆ ಎರಡೂ ಕಡೆ 37 ಮೊಳೆತು, 13 ಮೊಳೆಯದೆ ಉಳಿಯಬೇಕಿತ್ತು. ನಾಲ್ಕೂ ಜಾಗದಲ್ಲಿ ಅಂತರ 6. ವರ್ಗ 36. ಅದನ್ನು 37ರಿಂದ ಎರಡು ಸಲ, 13ರಿಂದ ಎರಡು ಸಲ ಭಾಗಿಸಿ ಕೂಡಿದರೆ 7.48. ವ್ಯತ್ಯಾಸ ಇಲ್ಲದ ಲೋಕದಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು ಐದು ಸಲ ಮಾತ್ರ 3.84 ದಾಟುತ್ತದೆ. ನಮ್ಮದು ದಾಟಿತ್ತು, ಅಜ್ಜಿಯ ಮಾತಿಗೆ ಬಲ ಬಂತು. ಡಬ್ಬ ಕುಲುಕಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. 3.84 ಎಲ್ಲಿಂದ ಬಂತು ಅಂತ ಕೇಳಿದ್ದ ಹುಡುಗಿ ಅಷ್ಟೊತ್ತಿಗೆ ಪಾಸಾಗಿ ಹೋಗಿದ್ದಳು.

ಈ ಕೈ-ಸ್ಕ್ವೇರ್ ಪರೀಕ್ಷೆಯನ್ನು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟರು. ಐದರ ಗೆರೆ ಹಾಕಿದ್ದೂ ಮನುಷ್ಯರೇ. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆ ಅಂತ ಹಿಡಿದದ್ದು ಆಮೇಲೆ ರೂಢಿಯಾಯಿತು.

ಹತ್ತನೇ ತರಗತಿಗಾದರೆ ಮೆಂಡಲ್ ಪಾಠ ಇದ್ದೇ ಇದೆ. 3:1 ಅಂತ ಬಾಯಿಪಾಠ ಮಾಡಿಸುವ ಬದಲು ಅವರ ಎಣಿಕೆಯನ್ನೇ ಕೊಡಿ: ದುಂಡು ಬಟಾಣಿ 5474, ಸುಕ್ಕು ಬಟಾಣಿ 1850. ಸರಿಯಾಗಿ 3:1 ಆಗಿದ್ದರೆ 5493 ಮತ್ತು 1831 ಇರಬೇಕಿತ್ತು. ಕೈ-ಸ್ಕ್ವೇರ್ ಬರೀ 0.26, ಅಂದರೆ ಎಣಿಕೆ 3:1ಕ್ಕೆ ಚೆನ್ನಾಗಿ ಹೊಂದುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಮೆಂಡಲ್ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅಂಕಿಗಳು ನಿರೀಕ್ಷೆಗೆ ಅತಿಯಾಗಿ ಚೆನ್ನಾಗಿ ಹೊಂದುತ್ತವೆ ಅಂತ ಇದೇ ಫಿಶರ್ 1936ರಲ್ಲಿ ಬರೆದರು. ನಮ್ಮಲ್ಲಿ ಒಬ್ಬ ತಕ್ಷಣ, "ಮೆಂಡಲ್ ಕಾಪಿ ಹೊಡೆದ್ರಾ ಸಾರ್?" ಅಂದ. ಆ ವಾದ ಇನ್ನೂ ಮುಗಿದಿಲ್ಲ, ನಿಯಮವಂತೂ ಸರಿ ಅಂತ ಹೇಳಿದೆ. ಪೀರಿಯಡ್ ಮುಗಿದರೂ ಹುಡುಗರು ಏಳಲಿಲ್ಲ.

ಇನ್ನು ನಿಮ್ಮ ಕುಂಡಗಳ ವಿಷಯ. ಆ ಕಡೆ ಒಂದು, ಈ ಕಡೆ ಒಂದು ಇಟ್ಟರೆ ಪರೀಕ್ಷಿಸಲು ಏನೂ ಇಲ್ಲ. ಒಂದು ಕುಂಡಕ್ಕೆ ಬಿಸಿಲು ಜಾಸ್ತಿ ಬಿದ್ದಿರಬಹುದು, ಅಷ್ಟೇ ಸಾಕು. ಟೀ ಕಪ್ಪುಗಳಲ್ಲಿ ಕಡೇಪಕ್ಷ ಹನ್ನೆರಡಾದರೂ ಗಿಡ ಮಾಡಿಸಿ. ಯಾವುದಕ್ಕೆ ಗೊಬ್ಬರ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಎತ್ತರಗಳನ್ನು ಚೀಟಿಯಲ್ಲಿ ಬರೆದು ಕುಲುಕಿ, ಎರಡು ಗುಡ್ಡೆ ಮಾಡಿ, ಸರಾಸರಿಗಳ ಅಂತರ ನೋಡಿ, ಮತ್ತೆ ಕುಲುಕಿ; ನಿಮ್ಮ ಗಿಡಗಳಲ್ಲಿ ಬಂದಷ್ಟು ಅಂತರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ. ಸರಾಸರಿ ಅವರಿಗೆ ಬರುತ್ತದೆ, ಬೇರೇನೂ ಬೇಡ.

ಗಿಡ ಬೆಳೆಯುವ ತನಕ ಸುಮ್ನೆ ಕೂರಬೇಕಾಗಿಲ್ಲ. ದಾವಣಗೆರೆಯಲ್ಲಿದ್ದೀರಿ, ಬೆಣ್ಣೆ ದೋಸೆ ಇದೆ. ನಾಲ್ಕು ತುಂಡು ಬೆಣ್ಣೆಯದು, ನಾಲ್ಕು ಎಣ್ಣೆಯದು, ಕಣ್ಣಿಗೆ ಬಟ್ಟೆ ಕಟ್ಟಿ ರುಚಿ ನೋಡಿಸಿ, ಬೆಣ್ಣೆಯ ನಾಲ್ಕು ಯಾವುವು ಅಂತ ಕೇಳಿ. ಬರೀ ಊಹೆಯಲ್ಲಿ ಎಲ್ಲವೂ ಸರಿಯಾಗುವುದು 70ಕ್ಕೆ ಒಂದು ಸಲ. ಫಿಶರ್ 1935ರಲ್ಲಿ ಇದೇ ಲೆಕ್ಕವನ್ನು ಎಂಟು ಕಪ್ ಚಹಾದಲ್ಲಿ ಹೇಳಿದ್ದರು, ಪಾಪ, ಅವರಿಗೆ ದೋಸೆ ಎಲ್ಲಿಂದ ಸಿಗಬೇಕು.