ಯೆಜ್ಡಿ ಪಿಸ್ಟನ್‌ಗೆ ಕಾಸ್ಟಿಕ್ ಸೋಡಾ ಹಾಕ್ಬಹುದಾ?

ಪ್ರಶ್ನೆ: ಸರ್, ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಶೆಡ್ಡಲ್ಲಿ ವರ್ಷಗಟ್ಟಲೆ ನಿಂತಿತ್ತು, ಈಗ ಇಂಜಿನ್ ಬಿಚ್ಚಿದೀನಿ. ಪಿಸ್ಟನ್, ಹೆಡ್ ತುಂಬಾ ಕಾರ್ಬನ್ ಕಟ್ಕೊಂಡಿದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕು ಅಂತಾರೆ ಪಕ್ಕದ್ಮನೆಯವ್ರು, ಹಾಕ್ಲಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡವೇ ಬೇಡ. ಪಿಸ್ಟನ್ನು, ಹೆಡ್ಡು ಎರಡೂ ಅಲ್ಯೂಮಿನಿಯಂ, ಕಾಸ್ಟಿಕ್ ಅದನ್ನ ತಿಂದುಹಾಕತ್ತೆ, ಜೊತೆಗೆ ಹೊತ್ಕೊಳ್ಳೋ ಹೈಡ್ರೋಜನ್ ಗ್ಯಾಸ್ ಬೇರೆ ಬರತ್ತೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಿದಿರಿನ ಚಕ್ಕೆ ಚೂಪು ಮಾಡ್ಕೊಂಡು ನಿಧಾನಕ್ಕೆ ಕೆರೀರಿ, ಸ್ಕ್ರೂಡ್ರೈವರ್ ಮಾತ್ರ ಮುಟ್ಬೇಡಿ, ಗೀರು ಬಿದ್ರೆ ಅಲ್ಲೇ ಮತ್ತೆ ಕಾರ್ಬನ್ ಕೂರತ್ತೆ. ಪಿಸ್ಟನ್ನಲ್ಲಿ ರಿಂಗ್ ಕೂರೋ ತೋಡು ಕೆರೆಯೋಕೆ ಹಳೇ ಮುರಿದ ರಿಂಗಿನ ತುಂಡೇ ಬೆಸ್ಟು, ಅಳತೆ ಸರಿಯಾಗಿರತ್ತಲ್ಲ. ಟೂ ಸ್ಟ್ರೋಕ್ ಪಿಸ್ಟನ್ನಿನ ಆ ತೋಡಿನಲ್ಲಿ ಸಣ್ಣದೊಂದು ಪಿನ್ ಇರತ್ತೆ ನೋಡಿ, ವಾಪಸ್ ಹಾಕುವಾಗ ರಿಂಗಿನ ಎರಡು ತುದಿ ಆ ಪಿನ್ನಿಗೆ ಸರಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಸಿಲಿಂಡರ್ ಇಳಿಸುವಾಗ ರಿಂಗ್ ಪಟ್ ಅನ್ನತ್ತೆ.

ಕ್ರ್ಯಾಂಕ್‌ಕೇಸ್ ಬಾಯಿಗೆ (ಸಿಲಿಂಡರ್ ಕೂರೋ ಜಾಗ) ಮೊದಲೇ ಬಟ್ಟೆ ತುರುಕಿಡಿ, ಕೆರೆದ ಮಸಿ ಒಳಗೆ ಬೀಳ್ಬಾರ್ದು. ಸಿಲಿಂಡರಿನ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗೋ ತೂತು) ಮರೀಬೇಡಿ, ಟೂ ಸ್ಟ್ರೋಕ್ ಗಾಡಿ ಎಳೆಯೋದು ಕಮ್ಮಿ ಆಗೋದು ಎಷ್ಟೋ ಸಲ ಅಲ್ಲಿ ಮತ್ತೆ ಸೈಲೆನ್ಸರಲ್ಲಿ ಕಟ್ಟಿರೋ ಮಸಿಯಿಂದ. ಕಾರ್ಬೊರೇಟರ್ ಜೆಟ್ಟಿಗೆ ತಂತಿ ಹಾಕ್ಬೇಡಿ, ತೂತು ದೊಡ್ಡದಾದ್ರೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಪಂಕ್ಚರ್ ಅಂಗಡೀಲಿ ಗಾಳಿ ಹೊಡೆಸಿದ್ರೆ ಸಾಕು.

ಯೆಜ್ಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಹಂಗಾಗಿ ಒರಿಜಿನಲ್ ಪಿಸ್ಟನ್ ಸಿಗೋದು ಕಷ್ಟ, ಇರೋದನ್ನೇ ಜೋಪಾನ ಮಾಡಿ. ಗ್ಯಾಸ್ಕೆಟ್ ಮಾತ್ರ ಹೊಸದೇ ಹಾಕಿ.